ಮೊದಲು ನಿಮ್ಮ ಹೊಲದ ನೀರು ನೋಡಿರಿ

ಗೊಟಗೋಡಿಯ, ಶಿಗ್ಗಾವಿ ಸುತ್ತಲಿನ ಊರುಗಳ ತಮ್ಮಂದಿರೇ, ತಂಗಿಯರೇ,

ಈಚೆಗೆ ನಿಮ್ಮಲ್ಲಿ ಹಲವರು ಬಂದು, 'ಪರ್ಮಾಕಲ್ಚರ್ ಮಾಡಬೇಕಂತೀವಿ, ನೀವೇನಂತೀರಿ?' ಎಂದು ಕೇಳುತ್ತಿದ್ದೀರಿ. ಕೆಲವರು ಬೆಂಗಳೂರಿನ ಕೆಲಸ ಬಿಟ್ಟು ಬಂದವರು. ಕೆಲವರು ನಮ್ಮೂರಿನ ಜಾನಪದ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರು. ಇನ್ನು ಕೆಲವರಿಗೆ ಊರು ಬಿಡಲು ಮನಸ್ಸಿಲ್ಲ, ಆದರೆ ಅಪ್ಪ ಮಾಡುತ್ತಿರುವ ಹಾಗೆಯೇ ಒಕ್ಕಲುತನ ಮಾಡಿಕೊಂಡು ಹೋಗಲೂ ಧೈರ್ಯ ಸಾಲದು. ನೀವು ಹೊಲದ ಕಡೆ ಮುಖ ಮಾಡಿದ್ದೇ ನನಗೆ ದೊಡ್ಡ ಸಂತೋಷ. ನಿಂತ ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಓದಿ, ಒಪ್ಪಿಗೆಯಾಗದ ಮಾತಿದ್ದರೆ ಮನೆಗೆ ಬಂದು ಜಗಳ ಮಾಡಿ.

ಪರ್ಮಾಕಲ್ಚರಿನ ವಿಚಾರ ಹುಟ್ಟಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ. ಬಿಲ್ ಮಾಲಿಸನ್ ಎಂಬ ಮೇಷ್ಟ್ರು, ಡೇವಿಡ್ ಹೋಲ್ಮ್‌ಗ್ರೆನ್ ಎಂಬ ಎಳೆಯ ವಿದ್ಯಾರ್ಥಿ ಕೂಡಿ ಬರೆದ ಪುಸ್ತಕ 1978ರಲ್ಲಿ ಹೊರಬಂತು. ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ, ನೀರು ಬಿಡುವುದಿಲ್ಲ, ಆದರೂ ಅದು ಸಾವಿರಾರು ವರ್ಷ ಬಾಳುತ್ತದೆ. ಆ ಕಾಡಿನ ನಡೆಯನ್ನು ಹೊಲಕ್ಕೆ, ಮನೆಗೆ, ಊರಿಗೆ ತರಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಮಣ್ಣನ್ನು ಕಾಯಬೇಕು, ಮನುಷ್ಯರನ್ನು ಕಾಯಬೇಕು, ಮಿಕ್ಕದ್ದನ್ನು ಹಂಚಬೇಕು ಎಂಬ ಮೂರು ನೀತಿಗಳು ಈ ವಿಚಾರದ ತಳಹದಿ. ಬಹುತೇಕ ಅದೇ ಹೊತ್ತಿಗೆ ಜಪಾನಿನ ಮಸನೊಬು ಫುಕುವೊಕಾ ತನ್ನ ಗದ್ದೆಯಲ್ಲಿ ಬೇರೊಂದು ದಾರಿಯಿಂದ ಅಲ್ಲಿಗೇ ಬಂದು ಮುಟ್ಟಿದ್ದ. ಪೂರ್ಣಚಂದ್ರ ತೇಜಸ್ವಿಯವರ 'ಸಹಜ ಕೃಷಿ' ಓದಿದವರಿಗೆ ಫುಕುವೊಕಾ ಹೊಸಬನಲ್ಲ. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ಊರೂರು ತಿರುಗಿ ರೈತರಿಗೆ ಸಾರಿದ್ದೂ ಈ ಬಗೆಯ ಬೇಸಾಯವನ್ನೇ. ಇಷ್ಟು ಇತಿಹಾಸ ಸಾಕು. ನಮಗೆ ಬೇಕಾದದ್ದು ನಮ್ಮ ಹೊಲದ ಮಾತು.

ನಮ್ಮ ಹಾವೇರಿ ಜಿಲ್ಲೆಯ ಹೊಲ ಇಂದು ಹೇಗಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಮುಂಗಾರಿನಲ್ಲಿ ಹೆದ್ದಾರಿಯ ಪಕ್ಕ ನಿಂತರೆ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ಬೀಜ ಕಂಪನಿಯದು, ಗೊಬ್ಬರ ಅಂಗಡಿಯದು, ದರ ದಲಾಲಿಯದು. ನಮ್ಮದೆಂದು ಉಳಿದದ್ದು ಮೈಮುರಿತ ಮತ್ತು ಸಾಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ದೇಶದಲ್ಲೇ ಮೊದಲ ಸಲ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿತಲ್ಲ, ಅದು ನಮ್ಮ ಕಡೆಗೆ ಬರಲು ತಡವಾಗಲಿಲ್ಲ. ಒಂದೇ ಬೆಳೆ ಊರಿಂದೂರಿಗೆ ಹಬ್ಬಿದ್ದ ಕಡೆ ಆ ಹುಳುವಿಗೆ ಎಲ್ಲಿ ನೋಡಿದರೂ ಉಣ್ಣಲು ಹಾಸಿಟ್ಟಂತಿತ್ತು. ಇನ್ನೂ ಹಿಂದಿನ ಒಂದು ದಿನ ನೆನಪಿಸುತ್ತೇನೆ, ನಿಮ್ಮಲ್ಲಿ ಹಲವರು ಆಗ ಕೂಸುಗಳು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು, ರೈತರು ಸತ್ತರು. ಬಿತ್ತನೆಯ ಹದ ಮೀರುತ್ತಿತ್ತು, ಗೊಬ್ಬರ ಸಿಗುತ್ತಿರಲಿಲ್ಲ. ಆವತ್ತಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ಒಂದು ಚೀಲ ಗೊಬ್ಬರ ಬರದಿದ್ದರೆ ಬಿತ್ತಲಾಗದು ಎಂಬ ಸ್ಥಿತಿಗೆ ನಮ್ಮ ಮಣ್ಣನ್ನು ನಾವು ತಂದದ್ದು ಹೇಗೆ? ಪರ್ಮಾಕಲ್ಚರನ್ನು ನಾನು ಒಪ್ಪುವುದು ಅದು ಈ ಪ್ರಶ್ನೆಗೆ ನೇರ ಉತ್ತರ ಹುಡುಕುತ್ತದೆ ಎಂಬ ಕಾರಣಕ್ಕೆ. ಹೊರಗಿನಿಂದ ಬರುವುದು ಕಡಿಮೆಯಾಗಬೇಕು, ಹೊಲದೊಳಗೆ ಸುತ್ತುವುದು ಹೆಚ್ಚಬೇಕು.

ಆದರೆ ಒಂದು ಎಚ್ಚರ. ಈಗ ಇದೂ ಒಂದು ಮಾರುವ ಸರಕಾಗಿದೆ. ಹತ್ತು ದಿನದ ಶಿಬಿರಕ್ಕೆ ಕೈತುಂಬ ಫೀಸು, ಚೆಂದದ ಸರ್ಟಿಫಿಕೇಟು, ಮರಳಿ ಬಂದ ಮೇಲೆ ಗುಂಡನೆಯ ಮಡಿ ಮಾಡಿ ಫೋಟೊ. ಕಲಿಯಬೇಡಿ ಎನ್ನುವುದಿಲ್ಲ, ಒಳ್ಳೆಯ ಗುರುಗಳೂ ಇದ್ದಾರೆ. ಆದರೆ ದುಡ್ಡು ಖರ್ಚು ಮಾಡುವ ಮುನ್ನ ಒಂದು ಮಳೆಗಾಲ ಪೂರ್ತಿ ನಿಮ್ಮ ಹೊಲವನ್ನು ನೋಡಿರಿ. ನನ್ನ ಇಡೀ ಮಾತಿನ ತಿರುಳು ಇದೇ.

ನೋಡುವುದೆಂದರೆ ಏನು? ಮಳೆ ಬರುವಾಗ ಮನೆಯಲ್ಲಿ ಕೂರದೆ ಗೊಪ್ಪಿ ಹಾಕಿಕೊಂಡು ಹೊಲಕ್ಕೆ ಹೋಗುವುದು. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಹೊರಹೋಗುವಾಗ ಅದರ ಬಣ್ಣ ಏನು. ಬಣ್ಣ ಕೆಂಪಾಗಿದ್ದರೆ, ಕಪ್ಪಾಗಿದ್ದರೆ ನಿಮ್ಮ ಹೊಲವೇ ಹಳ್ಳಕ್ಕೆ ಹರಿದುಹೋಗುತ್ತಿದೆ ಎಂದು ಅರ್ಥ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಮಿಕ್ಕ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಮೂವತ್ತು ಇಂಚಿನ ಆಸುಪಾಸು ಮಳೆಯಾಗುತ್ತದೆ. ಎಂದರೆ ಎಕರೆಗೆ ಮೂವತ್ತು ಲಕ್ಷ ಲೀಟರು. ಇಷ್ಟು ನೀರನ್ನು ಸುಮ್ಮನೆ ಬಿಟ್ಟುಕೊಟ್ಟು, ಆಮೇಲೆ ಸಾಲ ಮಾಡಿ ಬೋರ್‌ವೆಲ್ ಕೊರೆಸುವವರನ್ನು ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಮ್ಮ ಹಿರಿಯರಿಗೆ ಈ ಲೆಕ್ಕ ತಿಳಿದಿತ್ತು. ಹಿರೇಕೆರೂರ ಕಡೆಯ ಮದಗ-ಮಾಸೂರು ಕೆರೆಗೆ ಒಮ್ಮೆ ಹೋಗಿ ಏರಿಯ ಮೇಲೆ ನಿಲ್ಲಿರಿ. ಎರಡು ಗುಡ್ಡಗಳ ನಡುವಿನ ಸಂದನ್ನು ಹುಡುಕಿ ಅಲ್ಲೇ ಒಡ್ಡು ಹಾಕಬೇಕಾದರೆ ಕುಮುದ್ವತಿಯ ನೀರನ್ನು ಅವರು ಎಷ್ಟು ಕಾಲ ನೋಡಿರಬೇಕು ಯೋಚಿಸಿರಿ.

ನೋಡಿದ ಮೇಲೆ ಅಳೆಯುವುದು. ಇದಕ್ಕೆ ಸರ್ವೇಯರ್ ಬೇಡ. ಆಳೆತ್ತರದ ಎರಡು ಗಳ ತೆಗೆದುಕೊಂಡು ತುದಿ ಕೂಡಿಸಿ ಕಟ್ಟಿ, ಕಾಲು ಅಗಲಿಸಿ, ನಡುವೆ ಒಂದು ಅಡ್ಡಗೋಲು ಕಟ್ಟಿರಿ. ಮೇಲಿನ ಗಂಟಿನಿಂದ ಒಂದು ದಾರ ಇಳಿಬಿಟ್ಟು ಅದಕ್ಕೆ ಕಲ್ಲು ಕಟ್ಟಿರಿ. ಎರಡೂ ಕಾಲು ನೆಲಕ್ಕೂರಿ, ದಾರ ಅಡ್ಡಗೋಲನ್ನು ಮುಟ್ಟುವ ಕಡೆ ಇದ್ದಿಲಿನಿಂದ ಗುರುತು ಹಾಕಿರಿ. ಈಗ ಕಾಲುಗಳನ್ನು ಅದಲುಬದಲು ಮಾಡಿ ಅದೇ ಎರಡು ಜಾಗದಲ್ಲಿ ಊರಿ ಇನ್ನೊಂದು ಗುರುತು. ಎರಡು ಗುರುತುಗಳ ನಟ್ಟನಡುವೆ ಮೂರನೆಯದು ಹಾಕಿದರೆ ನಿಮ್ಮ ಮಟ್ಟಗೋಲು ಸಿದ್ಧ. ದಾರ ಆ ನಡುಗುರುತಿಗೆ ಬಂದಾಗ ಎರಡು ಕಾಲೂ ಒಂದೇ ಎತ್ತರದಲ್ಲಿವೆ ಎಂದು ತಿಳಿಯಿರಿ. ಒಂದು ಕಾಲು ಊರಿಕೊಂಡು ಇನ್ನೊಂದನ್ನು ತಿರುಗಿಸುತ್ತ, ಸಮ ಸಿಕ್ಕಲ್ಲೆಲ್ಲ ಗೂಟ ನೆಡುತ್ತ ಹೋದರೆ ನಿಮ್ಮ ಹೊಲದ ನಿಜವಾದ ಏರಿಳಿತ ಸಂಜೆಯೊಳಗೆ ಕಣ್ಣಿಗೆ ಕಾಣುತ್ತದೆ. ಎಷ್ಟೋ ಹೊಲಗಳಲ್ಲಿ ಆ ಗೂಟದ ಸಾಲಿಗೂ ನಾವು ವರ್ಷವೂ ಕೂರಿಗೆ ಹೊಡೆಯುವ ದಿಕ್ಕಿಗೂ ಸಂಬಂಧವೇ ಇರುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಬಿತ್ತುವ ಬದಲು ಉದ್ದಕ್ಕೆ ಬಿತ್ತುತ್ತ, ಒಂದೊಂದು ಸಾಲನ್ನೂ ನೀರಿಗೆ ಕಾಲುವೆ ಮಾಡಿಕೊಟ್ಟಿರುತ್ತೇವೆ. ದಿಕ್ಕು ಬದಲಿಸಲು ಒಂದು ರೂಪಾಯಿಯೂ ಬೇಕಾಗದು.

ಇಲ್ಲಿ ಪುಸ್ತಕ ಕುರುಡಾಗಿ ನಂಬುವವರಿಗೆ ಇನ್ನೊಂದು ಮಾತು. ಪರ್ಮಾಕಲ್ಚರ್ ಪುಸ್ತಕಗಳಲ್ಲಿ ಸಮಪಾತಳಿಯ ಮೇಲೆ ಉದ್ದನೆಯ ಗುಂಡಿ ತೋಡಿ ನೀರು ನಿಲ್ಲಿಸುವ ಚಿತ್ರ ಇರುತ್ತದೆ. ಮಸಾರಿ ನೆಲಕ್ಕೆ ಅದು ಸರಿ, ನೀರು ಇಂಗುತ್ತದೆ. ಎರಿ ಹೊಲಕ್ಕೆ ಹಾಗೇ ಮಾಡಿದರೆ ಕೆಟ್ಟಿರಿ. ಎರಿ ಮಣ್ಣು ನೆನೆದು ಉಬ್ಬಿದ ಮೇಲೆ ನೀರನ್ನು ಕೆಳಗೆ ಬಿಡುವುದು ಬಹಳ ನಿಧಾನ. ಬೆಳೆಯ ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಒಡ್ಡು ಬಿರಿದು, ಮೊದಲ ಜಡಿಮಳೆಗೆ ಒಡೆಯುತ್ತದೆ. ಅಲ್ಲಿ ಒಡ್ಡಿಗೆ ಸ್ವಲ್ಪವೇ ಇಳಿಜಾರು ಕೊಟ್ಟು, ತುದಿಗೆ ಕಲ್ಲಿನ ಕೋಡಿ ಕಟ್ಟಿ, ಹೆಚ್ಚಾದ ನೀರು ಮಣ್ಣನ್ನು ಬಿಟ್ಟು ತಾನಷ್ಟೇ ಹೊರಗೆ ಹೋಗುವಂತೆ ಮಾಡಬೇಕು. ಆ ನೀರು ಕೃಷಿ ಹೊಂಡಕ್ಕೆ ಹೋದರೆ ಇನ್ನೂ ಒಳ್ಳೆಯದು. ಕೃಷಿ ಭಾಗ್ಯ ಯೋಜನೆ ಬಂದ 2014ರಿಂದೀಚೆಗೆ ನಮ್ಮ ಕಡೆ ಹೊಂಡಗಳು ಕಡಿಮೆಯಿಲ್ಲ. ನೀರಿನ ದಾರಿಯಲ್ಲಿ ತೋಡದೆ, ಅನುಕೂಲವಿದ್ದ ಮೂಲೆಯಲ್ಲಿ ತೋಡಿದ ಹೊಂಡಗಳು ಮಾತ್ರ ಒಣಗಿ ನಿಂತಿವೆ. ಹಾನಗಲ್ಲಿನ ಮಳೆ ಬೇರೆ, ಸವಣೂರಿನ ಮಳೆ ಬೇರೆ. ಶಿಗ್ಗಾವಿ ತಾಲೂಕಿನೊಳಗೇ ಪಡುವಣ ಊರುಗಳ ಭತ್ತದ ಗದ್ದೆ ಬೇರೆ, ಮೂಡಣ ಊರುಗಳ ಎರಿ ಬೇರೆ. ಹೀಗಿರುವಾಗ ಟಾಸ್ಮೇನಿಯಾದ ಚಿತ್ರ ನಮಗೆ ನೇರವಾಗಿ ಹೊಂದುವುದುಂಟೇ?

ಇನ್ನು ಬೆಳೆಯ ವಿಚಾರ. ಒಂದು ಗಿಡ ಇನ್ನೊಂದಕ್ಕೆ ಆಸರೆಯಾಗುವಂತೆ ಕೂಡಿಸಿ ಬೆಳೆಯಬೇಕು ಎಂದು ಈ ಶಾಸ್ತ್ರ ಹೇಳುತ್ತದೆ. ನಿಮ್ಮ ಅಜ್ಜನನ್ನು ಕೇಳಿ ನೋಡಿರಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಎರಿ ಹೊಲದಲ್ಲಿ ಹೇಗೆ ಬೆಳೆಯುತ್ತಿದ್ದರೆಂದು. ಮುಂಗಾರಿಗೆ ಮೆಣಸಿನಕಾಯಿ, ಅದರ ಜೊತೆ ಉಳ್ಳಾಗಡ್ಡಿ. ಅವು ಚಿಗಿತ ಮೇಲೆ ನಡುಸಾಲಿಗೆ ಜಯಧರದಂಥ ನಾಟಿ ಹತ್ತಿ. ಉಳ್ಳಾಗಡ್ಡಿಯ ಬೇರು ಮೇಲಿನ ಗೇಣು ಮಣ್ಣಿನಲ್ಲೇ ಬದುಕುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದನ್ನು ಕಿತ್ತು ಮಾರಿದರೆ ಕೈಗೆ ಮೊದಲ ರೊಕ್ಕ. ಕಿತ್ತ ಜಾಗದಲ್ಲಿ ಮಣ್ಣು ಸಡಿಲಾಗಿ ಮೆಣಸಿನಗಿಡ ಹರಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಹಣ್ಣುಗಾಯಿ ಬಿಡಿಸುವುದು. ಆಮೇಲೆ ಮೇಲ್ಮಣ್ಣು ಒಣಗಿದರೂ ಹತ್ತಿಯ ತಾಯಿಬೇರು ಆಳದ ಹಸಿಯನ್ನು ಹಿಡಿದು, ಶಿವರಾತ್ರಿಯ ಆಚೀಚೆಗೆ ಅರಳೆ ಕೊಡುತ್ತದೆ. ಒಂದೇ ನೆಲ, ಮೂರು ಆಳ, ಮೂರು ಕಾಲ, ಮೂರು ಆದಾಯ. ಮಳೆ ಒಂದನ್ನು ಕೆಡಿಸಿದರೆ ಇನ್ನೊಂದು ಮನೆ ಕಾಯುತ್ತಿತ್ತು. ಪರ್ಮಾಕಲ್ಚರ್ ಪಂಡಿತರು ಇದನ್ನು ನೋಡಿದರೆ ಕೈಮುಗಿಯುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು ಎಂದು ನಾವು ಹೆಮ್ಮೆಪಡುತ್ತೇವೆ. ಆ ಮೆಣಸಿನಕಾಯಿಯನ್ನು ಬೆಳೆದ ಪದ್ಧತಿಯನ್ನು ಮಾತ್ರ ಕೈಬಿಟ್ಟೆವು. 2002ರಲ್ಲಿ ಬಿಟಿ ಹತ್ತಿಗೆ ಪರವಾನಗಿ ಸಿಕ್ಕ ಮೇಲೆ ನಾಟಿ ಹತ್ತಿಯ ಬೀಜ ಹುಡುಕುವುದೇ ಕಷ್ಟವಾಗಿದೆ.

ಬೀಜ ಎಂದಾಗ ಜಾನಪದ ವಿಶ್ವವಿದ್ಯಾಲಯದ ಮಕ್ಕಳಿಗೆ ವಿಶೇಷವಾಗಿ ಒಂದು ಕೆಲಸ ಹೇಳುತ್ತೇನೆ. 2011ರಲ್ಲಿ ಈ ವಿಶ್ವವಿದ್ಯಾಲಯ ನಮ್ಮ ಗೊಟಗೋಡಿಗೆ ಬಂತು. ನೀವು ಹಳ್ಳಿ ಹಳ್ಳಿಗೆ ಹೋಗಿ ಅಜ್ಜಿಯರ ಮುಂದೆ ಮೊಬೈಲು ಹಿಡಿದು ಬೀಸುವ ಪದ, ಸೋಬಾನೆ ಪದ ಹಿಡಿದಿಡುತ್ತೀರಿ, ಪುಣ್ಯದ ಕೆಲಸ. ಹಾಡು ಮುಗಿದ ಮೇಲೆ ಎದ್ದು ಬರಬೇಡಿ. 'ಅವ್ವಾ, ನಿನ್ನ ಗಡಿಗೆಯಲ್ಲಿ ಯಾವ ಬೀಜ ಐತಿ?' ಎಂದು ಕೇಳಿರಿ. ಬೂದಿ ಬೆರೆಸಿ, ಬೇವಿನ ಸೊಪ್ಪು ಇಟ್ಟು, ಬಾಯಿಗೆ ಸಗಣಿ ಮೆತ್ತಿ ಕಾಪಾಡಿದ ಅವರೆ, ಹೀರೆ, ಸವತೆ, ನವಣೆ, ಸಾವೆ ಇನ್ನೂ ಕೆಲವು ಮನೆಗಳಲ್ಲಿ ಉಳಿದಿವೆ. ಯಾವ ಮಳೆಗೆ ಬಿತ್ತುವುದು, ಯಾವುದರ ಜೊತೆ ಬಿತ್ತುವುದು, ಯಾವ ನೆಲಕ್ಕೆ ಆಗದು, ಎಲ್ಲವನ್ನೂ ಬರೆದುಕೊಳ್ಳಿ. ಹಾಡಿನ ಜೊತೆ ಒಂದು ಹಿಡಿ ಬೀಜವನ್ನೂ ಬೇಡಿ ತನ್ನಿ, ಮುಂದಿನ ವರ್ಷ ಎರಡು ಹಿಡಿ ಮಾಡಿ ಅದೇ ಅಜ್ಜಿಗೆ ಮರಳಿಸಿ. ಬೀಜವನ್ನು ಬಿತ್ತುತ್ತ ಹೋಗದೆ ಬಹುಕಾಲ ಉಳಿಸಲು ಆಗದು. ಹೆದ್ದಾರಿ ಪಕ್ಕದಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿಗೆ ದೂರದ ಊರಿನ ಮಕ್ಕಳು ಬಸ್ಸು ಬಸ್ಸಾಗಿ ಬಂದು ಒಕ್ಕಲುತನದ, ಕಸುಬುಗಳ ಶಿಲ್ಪಗಳನ್ನು ನೋಡಿ ಬೆರಗಾಗುತ್ತಾರೆ. ಆ ಕಲಾವಿದ ಮಾಡಬೇಕಾದದ್ದನ್ನು ಮಾಡಿ ಹೋದರು. ಅಲ್ಲಿ ಕಂಡ ಬಾಳು ಬೇಲಿಯಾಚೆಯ ಹೊಲದಲ್ಲೂ ಕಾಣಬೇಕೆಂದರೆ ಅದು ನಿಮ್ಮ ಪಾಲಿನ ಕೆಲಸ.

ಸಾವೆ, ನವಣೆ ಬೆಳೆದರೆ ಯಾರು ಉಣ್ಣುತ್ತಾರೆ ಎಂದು ಕೇಳುತ್ತೀರಿ. ನಮ್ಮ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಕೊನೆಗೆ ಬಡವರ ಧಾನ್ಯಕ್ಕೆ ರಾಮನಿಂದಲೇ ಮನ್ನಣೆ ಕೊಡಿಸಿದರು. ಐದು ಶತಮಾನದ ಹಿಂದಿನ ಆ ತೀರ್ಪಿಗೆ ಜಗತ್ತು 2023ರಲ್ಲಿ ಸಿರಿಧಾನ್ಯಗಳ ವರ್ಷ ಆಚರಿಸಿ ಸಹಿ ಹಾಕಿತು. ಮೊದಲು ನಿಮ್ಮ ಮನೆಯ ಗಂಗಾಳಕ್ಕೆ ಬರಲಿ, ಸಂತೆಯ ಮಾತು ಆಮೇಲೆ.

ಮನೆಯಿಂದ ಹೊರಗೆ ಹೋದಂತೆ ಜಾಗವನ್ನು ವಲಯಗಳಾಗಿ ಎಣಿಸುವ ಕ್ರಮವೊಂದು ಪರ್ಮಾಕಲ್ಚರಿನಲ್ಲಿದೆ. ದಿನಾ ಕೈ ಹಾಕಬೇಕಾದದ್ದು ಹತ್ತಿರ, ವಾರಕ್ಕೊಮ್ಮೆ ನೋಡುವಂಥದ್ದು ಅದರಾಚೆ. ನಮ್ಮಲ್ಲಿ ಹಿತ್ತಲು, ತೋಟ, ಹೊಲ, ಗಾಯರಾಣ, ಅಡವಿ ಎಂದಿದ್ದದ್ದೂ ಬಹುಮಟ್ಟಿಗೆ ಇದೇ. ಬಚ್ಚಲ ನೀರು ಹೋಗುವಲ್ಲಿ ಬಾಳೆ, ಬಾಗಿಲ ಬಳಿ ಕರಿಬೇವು, ಮೂಲೆಯಲ್ಲಿ ನುಗ್ಗೆ. ಈಗ ಹಿತ್ತಲಿಗೆ ಸಿಮೆಂಟು ಹಾಕಿಸಿ, ಬಚ್ಚಲ ನೀರನ್ನು ಬೀದಿ ಗಟಾರಕ್ಕೆ ಬಿಟ್ಟು, ಕರಿಬೇವನ್ನು ಸಂತೆಯಿಂದ ತರುತ್ತೇವೆ. ಹೊಲ ಇಲ್ಲದವರು ಬೇಸರಪಡಬೇಡಿ, ಹಿತ್ತಲು ಸಾಕು. ಕೊನೆಯ ವಲಯವನ್ನು ಮುಟ್ಟದೆ ಬಿಡಬೇಕೆಂದು ಮಾಲಿಸನ್ ಹೇಳುತ್ತಾರೆ. ನಮ್ಮ ಒಡ್ಡುಗಳ ಮೇಲಿನ ಬನ್ನಿ, ಕರಿಜಾಲಿ, ಬೇವು, ಹುಣಸೆಗಳನ್ನು ಟ್ರ್ಯಾಕ್ಟರಿಗೆ ಅಡ್ಡಿ ಎಂದು ಕಡಿದು ಬಿಟ್ಟಿದ್ದೇವಲ್ಲ, ಕನಿಷ್ಠ ಅಷ್ಟು ಜಾಗವನ್ನಾದರೂ ಮರಗಳಿಗೆ ಮರಳಿ ಕೊಡಿ. ಒಡ್ಡಿನ ಮೇಲೆ ಗೊಬ್ಬರದ ಗಿಡದ ಟೊಂಗೆ ಊರಿದರೆ ಸಾಕು, ಅದು ಹತ್ತಿಕೊಳ್ಳುತ್ತದೆ. ಸವರಿ ಸವರಿ ಸೊಪ್ಪನ್ನು ಹೊಲಕ್ಕೆ ಹಾಕಬಹುದು.

ಬರಿಮಣ್ಣು ಬಿಸಿಲಿಗೆ ಬೀಳದಿರಲಿ. ಗೋವಿನಜೋಳದ ದಂಟಿಗೆ ಬೆಂಕಿ ಇಡುವ ಚಾಳಿ ಹೆಚ್ಚಾಗಿದೆ. ಅದನ್ನು ಇಂದೇ ಬಿಡಿ. ದಂಟು ಕತ್ತರಿಸಿ ಸಾಲಿನ ನಡುವೆ ಹಾಸಿದರೆ ಹಸಿ ಉಳಿಯುತ್ತದೆ. ಗೆದ್ದಲು ಬರುತ್ತದೆ ಎಂದು ಹೆದರುತ್ತೀರಿ. ಬರುತ್ತದೆ, ಒಣಗಿದ್ದನ್ನು ತಿನ್ನುತ್ತದೆ, ಮಣ್ಣು ಮಾಡುತ್ತದೆ. ಎಳೆ ಸಸಿಯ ಬುಡಕ್ಕೆ ಮಾತ್ರ ಹೊದಿಕೆ ತಾಗದಂತೆ ಒಂದು ಗೇಣು ಬಿಡಿ.

ಮನುಷ್ಯರನ್ನು ಕಾಯುವ ನೀತಿಯನ್ನು ಬಹಳ ಜನ ಮರೆಯುತ್ತಾರೆ. ನೀವು ಒಡ್ಡಿನ ಮೇಲೆ ಸಸಿ ನೆಟ್ಟಿರಿ ಎನ್ನಿ. ಸುಗ್ಗಿ ಮುಗಿದ ಮೇಲೆ ಊರಿನ ದನ, ಕುರಿ ಹೊಲಕ್ಕೆ ಇಳಿಯುತ್ತವೆ, ಅದು ಹಿಂದಿನಿಂದ ಬಂದ ವಾಡಿಕೆ. ನೀವು ತಂತಿಬೇಲಿ ಹಾಕಿ ಕುರಿಯವರನ್ನು ಬೈದರೆ ನಿಮ್ಮ ತೋಟ ಉಳಿದೀತು, ಊರು ಕೆಡುತ್ತದೆ. ಅವರ ಹಿಂಡನ್ನು ನಾಲ್ಕು ರಾತ್ರಿ ನಿಮ್ಮ ಹೊಲದಲ್ಲಿ ತರುಬಿಸಿಕೊಳ್ಳಿ, ಅದಕ್ಕೆ ಸಲ್ಲಬೇಕಾದ ಕಾಳು-ರೊಕ್ಕ ಕೊಡಿ, ಸಸಿಗಳಿಗೆ ಮುಳ್ಳು ಕಟ್ಟಲು ಅವರದೇ ನೆರವು ಕೇಳಿ. ಹಿಕ್ಕೆಯ ಗೊಬ್ಬರ ಎರಡು ವರ್ಷ ಕೆಲಸ ಮಾಡುತ್ತದೆ. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುವುದನ್ನು ನೀವು ಬಲ್ಲಿರಿ. ಮಿಕ್ಕದ್ದನ್ನು ಹಂಚುವ ಮಾತು ನಮಗೆ ಹೊಸದಲ್ಲ. ಆದರೆ ಹಳೆಯದೆಲ್ಲ ಹೊನ್ನು ಎಂದು ನಾನು ಹೇಳಲಾರೆ. ಆ ಕಾಲದಲ್ಲಿ ಎಷ್ಟೋ ಕುಟುಂಬಗಳು ತಲೆಮಾರುಗಟ್ಟಲೆ ಪರರ ಹೊಲದಲ್ಲಿ ದುಡಿದರೂ ಅವರದೆಂದು ಒಂದು ಗುಂಟೆ ಇರಲಿಲ್ಲ. ಕಳೆ ತೆಗೆದ, ಬೀಜ ಕಾದ ಹೆಣ್ಣುಮಕ್ಕಳ ಹೆಸರು ಉತಾರದಲ್ಲಿ ಬರಲಿಲ್ಲ. ನೀವು ಹೊಸದಾಗಿ ಕಟ್ಟುವಾಗ ಕೂಲಿಯನ್ನು ನ್ಯಾಯವಾಗಿ ಕೊಡಿ, ತಂಗಿಯ ಪಾಲನ್ನು ತಂಗಿಗೆ ಬರೆಯಿರಿ. ಅದಿಲ್ಲದೆ ಮಣ್ಣು ಕಾಯುತ್ತೇನೆ ಎನ್ನುವುದು ಅರೆಬರೆ ಮಾತು.

ಕಣ್ಣಾರೆ ಕಂಡು ನಂಬುವವರು ಧಾರವಾಡದ ಹತ್ತಿರ ದಡ್ಡಿ ಕಮಲಾಪುರಕ್ಕೆ ಹೋಗಿ ಬನ್ನಿ. ವೈದ್ಯರಾದ ಸಂಜೀವ ಕುಲಕರ್ಣಿಯವರು ಅಲ್ಲಿ 'ಸುಮನ ಸಂಗಮ' ಎಂಬ ಕಾಡುತೋಟ ಬೆಳೆಸಿದ್ದಾರೆ. ಬರಡು ನೆಲಕ್ಕೆ ಕಾಲ ಕೊಟ್ಟರೆ ಏನಾದೀತು ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಅದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ. ಮಣ್ಣು ಪರೀಕ್ಷೆಗೆ, ತಳಿಗಳ ಮಾಹಿತಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ. ವಿಜ್ಞಾನಿಗಳನ್ನು ದೂರ ಇಡಬೇಡಿ, ಪ್ರಶ್ನೆ ಕೇಳಿ ಕಲಿಯಿರಿ.

ರೊಕ್ಕದ ಮಾತನ್ನು ಬಿಚ್ಚಿ ಹೇಳುತ್ತೇನೆ. ಮೊದಲ ಕೆಲವು ವರ್ಷ ಪರ್ಮಾಕಲ್ಚರಿನಿಂದ ಆದಾಯ ಹೆಚ್ಚುವುದಿಲ್ಲ, ಇಳುವರಿ ಕುಸಿಯಲೂಬಹುದು. ಮಾವು, ಹುಣಸೆ, ನೇರಳೆ ಫಲ ಕೊಡಲು ವರ್ಷಗಳು ಬೇಕು. ಒಂದೇ ವರ್ಷದಲ್ಲಿ ಲಕ್ಷ ಗಳಿಸಿದೆ ಎಂಬ ವಿಡಿಯೊ ನೋಡಿ ಇಡೀ ಹೊಲ ತಿರುಗಿಸಬೇಡಿ. ಇದಕ್ಕಾಗಿ ಸಾಲವನ್ನಂತೂ ಮಾಡಲೇಬೇಡಿ. ನಾಲ್ಕು ಗುಂಟೆಯಿಂದ ಶುರು ಮಾಡಿ. ಉಳಿದದ್ದರಲ್ಲಿ ಅಪ್ಪ ಗೋವಿನಜೋಳ ಬೆಳೆಯಲಿ, ಮನೆ ನಡೆಯಲಿ. ನಾಲ್ಕು ಗುಂಟೆಯಲ್ಲಿ ಒಡ್ಡು, ಹೊದಿಕೆ, ಕೂಡುಬೆಳೆ ಮೂರೂ ಹದಕ್ಕೆ ಬಂದ ಮೇಲೆ ಎಂಟಾಗಲಿ. ಅಪ್ಪನ ಜೊತೆ ವಾದಕ್ಕೆ ಇಳಿಯಬೇಡಿ. ಗೊಬ್ಬರದ ಅಂಗಡಿಯ ಬಾಕಿಯನ್ನು ಹೊತ್ತು ನಿಮ್ಮನ್ನು ಓದಿಸಿದವರು ಅವರು, ಅವರ ಹೆದರಿಕೆಗೆ ಕಾರಣವಿದೆ.

ಈ ವರ್ಷ ರೋಹಿಣಿ ಮಳೆ ಶುರುವಾಗುವ ಮುನ್ನ ಅಪ್ಪನ ಹತ್ತಿರ ಆ ನಾಲ್ಕು ಗುಂಟೆ ಕೇಳಿಕೊಳ್ಳಿ. ನೀರು ಹೆಚ್ಚು ಹರಿದು ಮಣ್ಣು ಕೊಚ್ಚಿಹೋಗುವ ಮೂಲೆಯನ್ನೇ ಕೇಳಿ, ಅದನ್ನು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಮಟ್ಟಗೋಲು ಕಟ್ಟಲು ಬಾರದಿದ್ದರೆ ಎರಡು ಗಳ, ಒಂದು ದಾರ ಹಿಡಿದುಕೊಂಡು ನಮ್ಮ ಮನೆಗೆ ಬನ್ನಿ, ಕೂಡಿ ಕಟ್ಟೋಣ. ನವಣೆ, ಸಾವೆ, ನಾಟಿ ಅವರೆಯ ಬೀಜ ನನ್ನಲ್ಲಿವೆ. ಬಿತ್ತುವಷ್ಟು ಕೊಡುತ್ತೇನೆ, ಸುಗ್ಗಿಗೆ ಅದರ ಎರಡರಷ್ಟು ತಂದು ಮುಂದಿನವರಿಗಾಗಿ ಇಟ್ಟು ಹೋಗಿ.